ಪೌರಕಾರ್ಮಿಕರ ಹಕ್ಕುಗಳ ಮೇಲೆ ಎಂ.ಎ. ಪ್ರಬಂಧ: ಎಲ್ಲಿಂದ ಶುರು ಮಾಡಬೇಕು?

ನೀವು ಬರೆದಿರುವುದು ಇಷ್ಟು: ಬೆಂಗಳೂರಿನಲ್ಲಿ ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೀರಿ, ‘ಪೌರಕಾರ್ಮಿಕರ ಮಾನವ ಹಕ್ಕುಗಳ ಉಲ್ಲಂಘನೆ’ ಎಂಬ ವಿಷಯ ಕೊಟ್ಟಿದ್ದಕ್ಕೆ ಗೈಡ್ ‘ತುಂಬ ದೊಡ್ಡದಾಯಿತು’ ಅಂದಿದ್ದಾರೆ, ಕೈಯಲ್ಲಿ ಐದು ತಿಂಗಳಿದೆ; ಎಲ್ಲಿಂದ ಶುರು ಮಾಡಲಿ, ಜೊತೆಗೆ ಮಾನವ ಹಕ್ಕುಗಳ ಡಿಪ್ಲೊಮಾವನ್ನೂ ಮಾಡಬಹುದಾ ಎಂದು ಕೇಳಿದ್ದೀರಿ.

ಗೈಡ್ ಹೇಳಿದ್ದು ಸರಿ. ಆದರೆ ನನಗೆ ಕಾಣುವ ತೊಂದರೆ ಬೇರೆ: ನಿಮ್ಮ ಶೀರ್ಷಿಕೆಯಲ್ಲಿ ಹೊಣೆಗಾರರೇ ಇಲ್ಲ. ಕಷ್ಟಗಳ ಪಟ್ಟಿ ಮಾಡಿದರೆ ಸಮೀಕ್ಷೆ ಆಗುತ್ತದೆ ಅಷ್ಟೆ. ಯಾವ ಹಕ್ಕು, ಅದನ್ನು ಕೊಡಬೇಕಾದವರು ಯಾರು, ಕೊಟ್ಟಿಲ್ಲ ಅನ್ನುವುದಕ್ಕೆ ಕಾಗದ ಎಲ್ಲಿದೆ ಎಂದು ಹೇಳಿದಾಗಲೇ ಅದು ಹಕ್ಕಿನ ಅಧ್ಯಯನ.

ಹಾಗಾಗಿ ಒಂದೇ ಎಳೆ ಹಿಡಿಯಿರಿ. ‘ಎರಡು ವಾರ್ಡ್‌ಗಳ ಪೌರಕಾರ್ಮಿಕ ಮಹಿಳೆಯರಿಗೆ ಕೆಲಸದ ಹೊತ್ತಿನಲ್ಲಿ ಶೌಚಾಲಯ ಮತ್ತು ಕುಡಿಯುವ ನೀರು’ ಅಂತಿಟ್ಟುಕೊಳ್ಳಿ. ಸಂವಿಧಾನದ 42ನೇ ವಿಧಿ ಮಾನವೀಯವಾದ ಕೆಲಸದ ಪರಿಸ್ಥಿತಿಯ ಮಾತಾಡುತ್ತದೆ, ಆದರೆ ಅದು ನಿರ್ದೇಶಕ ತತ್ವ. 37ನೇ ವಿಧಿಯ ಪ್ರಕಾರ ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. ವೈವಾ ಪರೀಕ್ಷಕರು ಕೈ ಹಾಕುವುದು ಇಲ್ಲಿಗೇ. ಉತ್ತರ ಜೀತದಾಳುಗಳ ಕುರಿತಾದ 1984ರ ಬಂಧುವಾ ಮುಕ್ತಿ ಮೋರ್ಚಾ ತೀರ್ಪಿನಲ್ಲಿದೆ: ಘನತೆಯಿಂದ ಬದುಕುವ 21ನೇ ವಿಧಿಯ ಹಕ್ಕಿಗೆ ಜೀವ ತುಂಬುವುದು 39, 41, 42ನೇ ವಿಧಿಗಳಂಥವೇ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಜೊತೆಗೆ ಭಾರತ 1979ರಲ್ಲಿ ಒಪ್ಪಿಕೊಂಡ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ನ್ಯಾಯಯುತ ಕೆಲಸದ ಪರಿಸ್ಥಿತಿಯ ಬಗ್ಗೆ ಇರುವ 7ನೇ ವಿಧಿ ಸೇರಿಸಿ. ಕಾನೂನಿನ ಅಧ್ಯಾಯಕ್ಕೆ ಇಷ್ಟು ಸಾಕು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಿಂದ ಶುರುಮಾಡಿ ನಲವತ್ತು ಪುಟ ಇತಿಹಾಸ ಬರೆಯಬೇಡಿ, ಯಾರೂ ಓದುವುದಿಲ್ಲ.

ಯಾರನ್ನು ಮಾತಾಡಿಸುತ್ತೀರಿ ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಖಾಯಂ ಆದವರು, ನೇರ ಪಾವತಿಯವರು (ಖಾಯಂ ಆಗದಿದ್ದರೂ ಪಾಲಿಕೆಯಿಂದಲೇ ಸಂಬಳ ಪಡೆಯುವವರು), ಗುತ್ತಿಗೆಯಲ್ಲಿ ದುಡಿಯುವ ಆಟೋ ಟಿಪ್ಪರ್ ಡ್ರೈವರ್, ಹೆಲ್ಪರ್‌ಗಳು: ಬೀದಿಯಲ್ಲಿ ಎಲ್ಲರೂ ಒಂದೇ ಥರ ಕಂಡರೂ ಹೊಣೆಗಾರರು ಬೇರೆ ಬೇರೆ. ಮೂವರ ಉತ್ತರವನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಪ್ರಬಂಧ ಅಲ್ಲೇ ಕುಸಿಯುತ್ತದೆ.

ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಗೇ ಎರಡು ತಿಂಗಳು ಹೋಗಿರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು; ಹಲವು ಅರ್ಜಿಗಳು ವಾಪಸ್ ಬರುವುದು ಇದಕ್ಕೇ. ‘ಶೌಚಾಲಯ ಏಕೆ ಕಟ್ಟಿಲ್ಲ?’ ಎಂದು ಕೇಳಬೇಡಿ, ಕಾರಣ ವಿವರಿಸುವುದು ಮಾಹಿತಿಯ ವ್ಯಾಪ್ತಿಗೆ ಬರದು ಅಂತ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಹೀಗೆ ಬರೆಯಿರಿ (ಮಸ್ಟರಿಂಗ್ ಸೆಂಟರ್ ಅಂದರೆ ಕಾರ್ಮಿಕರು ಬೆಳಿಗ್ಗೆ ಹಾಜರಿ ಹಾಕುವ ಜಾಗ): ‘ಈ ವಾರ್ಡಿನ ಮಸ್ಟರಿಂಗ್ ಸೆಂಟರ್‌ಗಳ ವಿಳಾಸ ಪಟ್ಟಿ, ಅವುಗಳಲ್ಲಿ ಶೌಚಾಲಯ ಹಾಗೂ ನೀರಿನ ವ್ಯವಸ್ಥೆಗೆ ಇಂಥ ಎರಡು ವರ್ಷಗಳಲ್ಲಿ ಹೊರಡಿಸಿದ ಕಾರ್ಯಾದೇಶ ಮತ್ತು ಪಾವತಿಸಿದ ಬಿಲ್‌ಗಳ ದೃಢೀಕೃತ ಪ್ರತಿ.’

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ಹಳೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ಹುಡುಕುತ್ತಾ ಅಲೆಯಬೇಡಿ. ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದೊಳಗೆ ಸರಿಯಾದ ಕಡೆ ವರ್ಗಾಯಿಸುವುದು ಆರ್‌ಟಿಐ ಕಾಯ್ದೆಯ ಕಲಂ 6(3)ರ ಪ್ರಕಾರ ಅವರದೇ ಕರ್ತವ್ಯ. ಅರ್ಜಿಯ ಕೊನೆಯಲ್ಲಿ ಆ ಕಲಂ ನೆನಪಿಸಿ.

ಸಂದರ್ಶನಕ್ಕೆ ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಆಮೇಲೆ ತಗೊಂಡರೆ ನಡೆಯುವುದಿಲ್ಲ. ಬೆಳಿಗ್ಗೆ ಹಾಜರಾತಿ ಹೊತ್ತಿಗೆ ಮಸ್ಟರಿಂಗ್ ಸೆಂಟರಿಗೆ ಹೋಗಬೇಡಿ. ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಾರೆ, ‘ಎಲ್ಲಾ ಚೆನ್ನಾಗೈತೆ’ ಅನ್ನುವುದರ ಆಚೆ ಒಂದು ಮಾತೂ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಅವರ ಏರಿಯಾದಲ್ಲಿ, ಅವರು ಹೇಳಿದ ಹೊತ್ತಿಗೆ ಹೋಗಿ. ಇಪ್ಪತ್ತು ಇಪ್ಪತ್ತೈದು ಜನ ಸಾಕು. ಬಹಳಷ್ಟು ಮನೆಗಳಲ್ಲಿ ತೆಲುಗು ಮಾತು, ಆ ಭಾಷೆ ಗೊತ್ತಿರುವ ಗೆಳತಿ ಜೊತೆಗಿದ್ದರೆ ಒಳ್ಳೆಯದು. ಅಚ್ಚು ಹಾಕಿದ ಫಾರಂ ಮುಂದಿಟ್ಟು ಸಹಿ ಕೇಳಿದರೆ ಹೆದರುತ್ತಾರೆ. ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ಸಮಿತಿಯಿಂದ ಮೊದಲೇ ಮಂಜೂರು ಮಾಡಿಸಿಕೊಳ್ಳಿ. ಮತ್ತೆ, ‘ಶೌಚಾಲಯ ಇದೆಯಾ?’ ಅನ್ನುವುದು ಕೆಟ್ಟ ಪ್ರಶ್ನೆ. ‘ನಿನ್ನೆ ಮನೆ ಬಿಟ್ಟಿದ್ದು ಎಷ್ಟೊತ್ತಿಗಮ್ಮ? ಆಮೇಲೆ ಮೊದಲು ಎಲ್ಲಿಗೆ ಹೋದ್ರಿ? ನೀರು ಕುಡಿದಿದ್ದು ಯಾವಾಗ?’ ಅಂತ ಕೇಳಿ. ಹೋಗಲು ಜಾಗವಿಲ್ಲ ಅಂತ ನೀರೇ ಕುಡಿಯದವರು ಸಿಗುವುದು ಇಂಥ ಪ್ರಶ್ನೆಗೆ.

ಮಾತಿನ ನಡುವೆ ದೂರು ಕೊಡಬೇಕಾದಂಥ ಘಟನೆ ತಿಳಿದರೆ ತಾರೀಖು ಕೇಳಿ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕಲಂ 36(2)ರಂತೆ ಒಂದು ವರ್ಷ ದಾಟಿದ ಘಟನೆಯನ್ನು ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ದೂರು ಕೊಡುವುದು ಬಿಡುವುದು ಅವರ ನಿರ್ಧಾರ, ನಿಮ್ಮದಲ್ಲ. ರಾಜ್ಯ ಆಯೋಗಕ್ಕೆ ಕನ್ನಡದಲ್ಲೇ ಬರೆದು ಕೊಡಬಹುದು, ಶುಲ್ಕವಿಲ್ಲ.

ಡಿಪ್ಲೊಮಾ ಬಗ್ಗೆಯೂ ಕೇಳಿದ್ದೀರಿ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ಮಾನವ ಹಕ್ಕು ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ಆದರೆ ಪ್ರಬಂಧದ ಜೊತೆಗೇ ಅದನ್ನೂ ಹೊತ್ತುಕೊಳ್ಳಬೇಡಿ.

ಬರೆಯುವಾಗ ಹೆಸರು ತೆಗೆದರಷ್ಟೇ ಸಾಲದು. ವಾರ್ಡ್, ವಯಸ್ಸು, ಗುಡಿಸುವ ರಸ್ತೆ ಮೂರೂ ಒಂದೇ ಸಾಲಿನಲ್ಲಿ ಬಂದರೆ ಮೇಸ್ತ್ರಿಗೆ ಯಾರೆಂದು ಗೊತ್ತಾಗುತ್ತದೆ. ಅನುಬಂಧಕ್ಕೆ ಹಾಕುವ ಪ್ರತಿಗಳಲ್ಲಿ ಹೆಸರಿನ ಮೇಲೆ ಮಾರ್ಕರ್ ಎಳೆದು ನೇರ ಸ್ಕ್ಯಾನ್ ಮಾಡಬೇಡಿ, ಅಕ್ಷರ ಅಡಿಯಿಂದ ಕಾಣುತ್ತದೆ. ಒಮ್ಮೆ ಜೆರಾಕ್ಸ್ ಮಾಡಿಸಿ, ಬೆಳಕಿಗೆ ಹಿಡಿದು ನೋಡಿ, ಆ ಪ್ರತಿಯನ್ನು ಸ್ಕ್ಯಾನ್ ಮಾಡಿ.