ನೀಲಗಿರಿ ಎಂಜಿನ್: ಕಲ್ಲಿದ್ದಲೋ, ಎಣ್ಣೆಯೋ?

ಎಣ್ಣೆ ಉರಿಸಲು ಶುರುಮಾಡಿದ ಮೇಲೆ ನೀಲಗಿರಿ ಬೆಟ್ಟದ ರೈಲು ಎಳೆಯುವ ಎಕ್ಸ್ ಕ್ಲಾಸ್ ಹಬೆ ಎಂಜಿನ್ ಪಾರಂಪರಿಕ ಹೇಗಾದೀತು ಅಂತ ಕೇಳಿದ್ದೀರಿ. ಅದರ ವಿಶೇಷ ಇರುವುದು ಸಿಲಿಂಡರ್‌ಗಳಲ್ಲಿ ಸರ್. ಕಲ್ಲಾರ್‌-ಕೂನೂರು ನಡುವಿನ 12ಕ್ಕೆ 1ರ ಏರಿನಲ್ಲಿ ಕೆಳಗಿನ ಜೋಡಿ ಸಿಲಿಂಡರ್ ಗಾಲಿ ತಿರುಗಿಸುತ್ತದೆ. ಅದು ಬಿಟ್ಟ ಹಬೆಯೇ ಮೇಲಿನ ಜೋಡಿಗೆ ಹೋಗಿ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಏರುವ ಹಲ್ಲುಗಾಲಿ ತಿರುಗಿಸುತ್ತದೆ. ಇಂಧನ ಬದಲಾದರೂ ಇದು ಬದಲಾಗಿಲ್ಲ. ಕಲ್ಲಿದ್ದಲಿಗಿಂತ ಎಣ್ಣೆಯಲ್ಲಿ ಕಾಡಿಗೆ ಕಿಡಿ ಹಾರುವ ಭಯವೂ ಕಡಿಮೆ.

ಆದರೆ ಎಣ್ಣೆಗೂ ಅದರದೇ ಕಾಟ ಇದೆ. ಬರ್ನರ್‌ನಲ್ಲಿ ಎಣ್ಣೆ ಸಣ್ಣ ಹನಿಯಾಗಿ ಒಡೆಯದಿದ್ದರೆ ಕಪ್ಪು ಹೊಗೆ, ಬಾಯ್ಲರಿನೊಳಗೆ ಬಿಸಿ ಹೊಗೆ ಸಾಗುವ ಟ್ಯೂಬ್ ತುಂಬ ಮಸಿ, ಹಬೆ ಸಾಲುವುದಿಲ್ಲ. ಎಣ್ಣೆ ಉರಿಸುವ ಎಂಜಿನ್‌ಗಳಲ್ಲಿ ಜೋರಾಗಿ ಎಳೆಯುವಾಗ ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸ್‌ಗೆ ಒಣ ಮರಳು ಎರಚಿ ಈ ಮಸಿ ಕೆರೆಸುವ ರೂಢಿ ಇದಕ್ಕೇ. ಬರ್ನರ್ ಫಕ್ಕನೆ ಆರಿಸಿ ಗಾಳಿ ಬಿಡುವ ಬಾಗಿಲು (ಡ್ಯಾಂಪರ್) ತೆರೆದೇ ಬಿಟ್ಟಿರೋ, ತಣ್ಣನೆ ಗಾಳಿ ನುಗ್ಗಿ ಟ್ಯೂಬ್ ತುದಿಗಳು ಸೋರತೊಡಗುತ್ತವೆ.