ಕೋಚ್ ಬಗ್ಗೆ ಒಬ್ಬ ತಾಯಿ ದೂರು ಹೇಳಿದ್ದಾರೆ. ಮೊದಲು ಕೋಚ್ ಜೊತೆಗೇ ಮಾತಾಡಿ ನೋಡಲಾ?

ಬೇಡ. ದಯವಿಟ್ಟು ಬೇಡ.

ಮಕ್ಕಳ ಕ್ಲಬ್ಬಿನ ಕಮಿಟಿಯಲ್ಲಿದ್ದೀರಿ. ಹುಡುಗನಿಗೆ ಕೋಚ್ ರಾತ್ರಿ ಹೊತ್ತು ಮೆಸೇಜ್ ಮಾಡುತ್ತಾರೆ ಅಂತ ಅವನ ತಾಯಿ ಹೇಳಿದ್ದಾರೆ. ಸಾಕ್ಷಿ ಇಲ್ಲ, ಕೋಚ್ ಒಳ್ಳೆಯವರು, ಮುಂದಿನ ವಾರ ಹೊರಊರಿನ ಟೂರ್ನಮೆಂಟ್ ಬೇರೆ ಇದೆ. ಹೀಗೆ ಬರೆದಿದ್ದೀರಿ. ಟೂರ್ನಮೆಂಟ್ ಒಂದು ಬಿಟ್ಟರೆ ಉಳಿದಿದ್ದೆಲ್ಲ ನನ್ನದೇ ಕಥೆ.

ನನ್ನ ಮಗ ಬೆಂಗಳೂರಿನ ವಿಜಯನಗರದ ಕಡೆ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುತ್ತಿದ್ದ. ಬಿಟ್ಟು ಬರುವುದು, ಕರೆದುಕೊಂಡು ಬರುವುದು ಅಂತ ಓಡಾಡುತ್ತಲೇ ಫೀಸಿನ ಲೆಕ್ಕ, ಜೆರ್ಸಿ ಆರ್ಡರ್, ಮ್ಯಾಚ್ ಎಂಟ್ರಿ ಎಲ್ಲ ನನ್ನ ತಲೆಗೆ ಬಂತು. ಕೋಚ್ ನಮ್ಮ ರಾಜ್ಯ ಸಂಸ್ಥೆಯ ಎ ಡಿವಿಷನ್ ಲೀಗ್ ಆಡಿದವರು. ಎಐಎಫ್‌ಎಫ್ ಡಿ ಲೈಸೆನ್ಸ್, ಅಂದರೆ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಕೊಡುವ ಕೋಚಿಂಗ್ ಪರವಾನಗಿ, ಇತ್ತು. ದುಡ್ಡಿಲ್ಲದ ಹುಡುಗರಿಗೆ ತಾವೇ ಬೂಟ್ ಕೊಡಿಸುತ್ತಿದ್ದರು. ಆಸ್ಟಿನ್ ಟೌನ್‌ನಲ್ಲಿ ಮ್ಯಾಚ್ ಮುಗಿದರೆ ದೂರದ ಮಕ್ಕಳನ್ನು ಬೈಕಿನಲ್ಲಿ ಮನೆ ತನಕ ಬಿಡುತ್ತಿದ್ದರು. ದೇವರಂಥ ಮನುಷ್ಯ ಅಂತ ನಾವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು.

ಒಂದು ಸಂಜೆ ಒಬ್ಬ ಹುಡುಗನ ತಾಯಿ, ಎಲ್ಲರೂ ಹೊರಡುವ ತನಕ ಕಾದು, ನನ್ನ ಹತ್ತಿರ ಬಂದರು. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ನಡೆಸುವ ಹೆಂಗಸು. “ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಸರ್. ರಾತ್ರಿ ಹನ್ನೊಂದಾದ್ರೂ ಕೋಚ್ ಸರ್ ಮೆಸೇಜ್ ಬರ್ತಾನೇ ಇರುತ್ತೆ. ನಾನು ಹತ್ರ ಹೋದ್ರೆ ಫೋನ್ ಮುಚ್ಚಿಡ್ತಾನೆ. ಒಂದರಲ್ಲಿ ಮನೇಲಿ ಹೇಳ್ಬೇಡ ಅಂತ ಇತ್ತು.”

ನಾನು ವಿಚಾರಿಸುತ್ತೇನೆ ಅಂದೆ. ವಿಚಾರಿಸಿದೆ ಕೂಡ. ಅವತ್ತು ರಾತ್ರಿಯೇ ಕೋಚ್‌ಗೆ ಫೋನ್ ಮಾಡಿದೆ.

ನನಗೆ ಅದು ನ್ಯಾಯ ಅನ್ನಿಸಿತ್ತು. ಒಬ್ಬರ ಮೇಲೆ ಮಾತು ಬಂದರೆ ಅವರನ್ನೂ ಕೇಳಬೇಕಲ್ವಾ? ಬೆನ್ನ ಹಿಂದೆ ಮಾತಾಡುವುದಕ್ಕಿಂತ ನೇರವಾಗಿ ಕೇಳುವುದು ಒಳ್ಳೆಯದಲ್ವಾ? ಅವರು ಒಂದಿಷ್ಟೂ ಗಾಬರಿಯಾಗಲಿಲ್ಲ. “ಹುಡುಗ ಡಲ್ಲಾಗಿದ್ದ ಸರ್, ಧೈರ್ಯ ಹೇಳ್ತಿದ್ದೆ” ಅಂದರು. ಹೆಸರು ಹೇಳದೆ ಸುಮ್ನೆ ‘ಒಬ್ಬ ಹುಡುಗ’ ಅಂದಿದ್ದೆ, ಆದರೂ ಯಾರು ಅಂತ ಅವರಿಗೆ ಆಗಲೇ ಗೊತ್ತಿತ್ತು. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಫೋನ್ ಇಟ್ಟಾಗ ಮನಸ್ಸು ಹಗುರಾಗಿತ್ತು.

ಆ ಒಂದು ಫೋನ್ ಏನೇನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ. ನೀವು ಮಾಡಲು ಹೊರಟಿರುವುದೂ ಅದನ್ನೇ. ಬೆಳಗಾಗುವುದರೊಳಗೆ ಮೆಸೇಜ್‌ಗಳೆಲ್ಲ ಅಳಿಸಿ ಹೋಗಿದ್ದವು, ಎರಡೂ ಫೋನಿನಿಂದ. ಅಂದರೆ ಯಾವ ದೊಡ್ಡವರೂ ಆ ಹುಡುಗನ ಪಕ್ಕ ಕೂತು ಮಾತಾಡುವ ಮೊದಲೇ ಕೋಚ್ ಅವನ ಜೊತೆ ಮಾತಾಡಿದ್ದರು. ಏನು ಹೇಳಿದರೋ! ತಂಡದಿಂದ ಹೊರಗೆ ಹೋಗ್ತೀಯ ಅಂದರೋ, ನನ್ನ ಜೀವನ ಹಾಳಾಗುತ್ತೆ ಅಂತ ಅತ್ತರೋ. ಮುಂದಿನ ಪ್ರಾಕ್ಟೀಸ್‌ನಲ್ಲಿ ಹುಡುಗ ನೆಲ ನೋಡಿಕೊಂಡು “ಏನೂ ಇಲ್ಲ ಅಂಕಲ್, ಅಮ್ಮ ಸುಮ್ನೆ ಹೇಳ್ತಾರೆ” ಅಂದ. ಆಮೇಲೆ ಬರುವುದನ್ನೇ ಬಿಟ್ಟ. ವಿಷಯ ಹೇಗೋ ಬೇರೆ ಪೋಷಕರ ಕಿವಿಗೆ ಬಿತ್ತು. ಎಲ್ಲರೂ ಕೋಚ್ ಪರ ನಿಂತು ಆ ತಾಯಿಗೇ ಬಾಯಿಗೆ ಬಂದಂತೆ ಅಂದರು. ಕೋಚ್ ಮನಸ್ಸಿಗೆ ನೋವಾಯಿತು ಅಂತ ಹೇಳಿ ಗೌರವದಿಂದಲೇ ಬಿಟ್ಟು ಹೋದರು. ಈಗ ಬೇರೆ ಕಡೆ ಮಕ್ಕಳಿಗೆ ಹೇಳಿಕೊಡುತ್ತಿದ್ದಾರೆ. ಅಲ್ಲಿಯವರು ನನ್ನನ್ನು ಕೇಳಿದರೆ ತೋರಿಸಲು ಒಂದು ಸಾಲಿನ ಬರಹವೂ ಇಲ್ಲ.

ಆ ಹುಡುಗನಿಗೆ ನಿಜವಾಗಿ ಏನಾಗಿತ್ತು, ಅಥವಾ ಏನೂ ಆಗಿರಲಿಲ್ಲವಾ? ತಿಳಿಯುವ ದಾರಿಯನ್ನು ನಾನೇ ಮುಚ್ಚಿಬಿಟ್ಟೆ. ಕೋಚ್ ತಪ್ಪು ಮಾಡಿರದಿದ್ದರೆ ಅವರ ಹೆಸರು ತೊಳೆಯುವ ದಾರಿಯೂ ಅದೇ ಆಗಿತ್ತು.

ಹಾಗಾಗಿ “ನಿಜ ಏನು ಅಂತ ಮೊದಲು ತಿಳಿದುಕೊಳ್ಳೋಣ” ಅಂತ ನೀವು ಬರೆದಿದ್ದನ್ನು ನಾನು ಒಪ್ಪುವುದಿಲ್ಲ. ನಿಜ ಕಂಡುಹಿಡಿಯುವುದು ನಿಮ್ಮ ಕೆಲಸ ಅಲ್ಲ. ನಮಗೆ ಅದು ಬರುವುದೂ ಇಲ್ಲ. ಕಾನೂನು ಕೂಡ ಅದನ್ನು ನಮ್ಮಿಂದ ಕೇಳುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19 ನೋಡಿ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ ಮಾತ್ರ ಅಲ್ಲ, ನಡೆಯಬಹುದು ಅಂತ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ಅಪರಾಧ ಗೊತ್ತಿದ್ದೂ ತಿಳಿಸದಿದ್ದರೆ ಸೆಕ್ಷನ್ 21ರ ಪ್ರಕಾರ 6 ತಿಂಗಳ ತನಕ ಜೈಲಾಗಬಹುದು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದ ತನಕ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಬರುವುದಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಇದನ್ನೆಲ್ಲ ಓದಿದ್ದು ಆಮೇಲೆ.

ನೀವು ಬರೆದಿರುವಷ್ಟರಿಂದ ಆ ಮೆಸೇಜ್‌ಗಳಲ್ಲಿ ಏನಿತ್ತು ಅಂತ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ದುಡ್ಡು ಬೀಳಲ್ಲ, ರಾತ್ರಿ ಹಗಲು ಇರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ ಮುಂದೇನು ಅಂತ ಕೇಳಿ. ಆ ತಾಯಿಗೆ ಸ್ಟೇಷನ್ ಅಂದರೆ ಭಯ ಇರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಆದಷ್ಟು ಮಹಿಳಾ ಸಬ್‌ ಇನ್ಸ್‌ಪೆಕ್ಟರೇ ಬರಬೇಕು, ಮಗುವನ್ನು ರಾತ್ರಿ ಸ್ಟೇಷನ್‌ನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದೆಲ್ಲ ಅದೇ ಕಾಯ್ದೆಯ ಸೆಕ್ಷನ್ 24ರಲ್ಲಿದೆ. ಇಷ್ಟು ಹೇಳಿದರೆ ಅವರಿಗೆ ಉಸಿರು ಬರುತ್ತದೆ.

ಹುಡುಗನನ್ನು ಕಮಿಟಿ ಮುಂದೆ ಕೂರಿಸಬೇಡಿ. ಅವನಾಗಿ ಏನಾದರೂ ಹೇಳಿದರೆ ಕೇಳಿ, ಅವನದೇ ಮಾತಿನಲ್ಲಿ ತಾರೀಕು ಹಾಕಿ ಬರೆದಿಡಿ. “ಅವರು ಹೀಗೆ ಮಾಡಿದ್ರಾ?” ಅಂತ ಬಾಯಿಗೆ ಮಾತು ತುರುಕಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ನೀವು ಹೇಳಲೇಬೇಕಾಗುತ್ತದೆ. ಫೋನ್‌ನಲ್ಲಿ ಏನನ್ನೂ ಅಳಿಸದಿರಲು ತಾಯಿಗೆ ತಿಳಿಸಿ. ಸ್ಕ್ರೀನ್‌ಶಾಟ್ ಪೋಷಕರ ಗ್ರೂಪಿಗೆ ಹೋಗಲೇಬಾರದು.

ಇನ್ನು ಕೋಚ್ ಒಳ್ಳೆಯವರು ಅನ್ನುವ ಮಾತು. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮಾಜಿ ಆಟಗಾರ ಆಂಡಿ ವುಡ್‌ವರ್ಡ್ ಚಿಕ್ಕಂದಿನಲ್ಲಿ ಕೋಚ್ ಬ್ಯಾರಿ ಬೆನೆಲ್‌ನಿಂದ ತನಗಾದ ಲೈಂಗಿಕ ದೌರ್ಜನ್ಯವನ್ನು ಹೆಸರು ಹೇಳಿಕೊಂಡೇ ಹೊರಗೆ ಹೇಳಿದರು. ಮೇಲೆ ಬರುವ ಹುಡುಗರನ್ನು ಗುರುತಿಸುವುದರಲ್ಲಿ ಬೆನೆಲ್‌ಗೆ ದೊಡ್ಡ ಹೆಸರಿತ್ತು. ಅವನ ಮನೆಯಲ್ಲಿ ಮಕ್ಕಳು ರಾತ್ರಿ ಉಳಿಯುತ್ತಿದ್ದರು, ತಂದೆ ತಾಯಿ ನಂಬಿಯೇ ಕಳಿಸಿದ್ದರು. ಇಂಥ ಪ್ರಕರಣಗಳ ಬಗ್ಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಮಾಡಿಸಿದ ತನಿಖೆಯ, 2021ರಲ್ಲಿ ಬಂದ ಶೆಲ್ಡನ್ ವರದಿ ಓದಿದರೆ, ಗಾಳಿಮಾತು ಕಿವಿಗೆ ಬಿದ್ದಾಗಲೂ ಕ್ಲಬ್ಬುಗಳು ಹೇಗೆ ಸುಮ್ಮನಿದ್ದವು ಅಂತ ತಿಳಿಯುತ್ತದೆ. ದೂರದ ಮಾತು ಬೇಡ ಅಂದರೆ, 2022ರಲ್ಲಿ ನಮ್ಮ 17 ವರ್ಷದೊಳಗಿನ ಹುಡುಗಿಯರ ರಾಷ್ಟ್ರೀಯ ತಂಡದ ಸಹಾಯಕ ಕೋಚ್‌ನ್ನು ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ಯುರೋಪ್ ಪ್ರವಾಸದ ಮಧ್ಯದಲ್ಲೇ ವಾಪಸ್ ಕರೆಸಿ, ಆಮೇಲೆ ಕೆಲಸದಿಂದ ತೆಗೆದರು. ಒಳ್ಳೆಯತನ ನೋಡಿ ಯಾರನ್ನೂ ತೂಗಲಾಗುವುದಿಲ್ಲ ಅಂತ ನಾನು ಈಗ ಖಂಡಿತವಾಗಿ ನಂಬುತ್ತೇನೆ. ಲೈಸೆನ್ಸ್ ಆಟ ಕಲಿಸಲು ಬರುತ್ತದೆ ಅಂತ ಹೇಳುತ್ತದೆ, ಅಷ್ಟೇ. ಸೇವಾ ಸಿಂಧುವಿನಲ್ಲಿ ತೆಗೆಸುವ ಪೊಲೀಸ್ ಸರ್ಟಿಫಿಕೇಟ್ ಕೇಳಿ, ಖಂಡಿತ ಕೇಳಿ. ಆದರೆ ಯಾರೂ ದೂರು ಕೊಡದಿದ್ದರೆ ಅದರಲ್ಲಿ ಏನು ಬರುತ್ತದೆ? ನಮ್ಮ ಕೋಚ್ ಸರ್ಟಿಫಿಕೇಟ್ ಇವತ್ತಿಗೂ ಸ್ವಚ್ಛವೇ.

ಈ ವಿಷಯ ಒಂದು ದಡ ಸೇರಿದ ಮೇಲೆ ಕ್ಲಬ್ಬಿಗೆ ನಿಯಮ ಬರೆಯಿರಿ. ಮಗುವಿಗೆ ಹೋಗುವ ಪ್ರತಿ ಮೆಸೇಜ್‌ನಲ್ಲೂ ಪೋಷಕರು ಇರಬೇಕು. ಒಂದೇ ಮಗುವನ್ನು ಒಬ್ಬರೇ ಗಾಡಿಯಲ್ಲಿ ಕರೆದೊಯ್ಯಬಾರದು. ದೂರು ಕೇಳಲು ಕೋಚ್ ಅಲ್ಲದ ಒಬ್ಬರು ಇರಬೇಕು, ಅವರ ನಂಬರ್ ಮಕ್ಕಳಿಗೂ ಗೊತ್ತಿರಬೇಕು. 2019ರಲ್ಲಿ ಫಿಫಾ ಶುರು ಮಾಡಿದ ‘ಗಾರ್ಡಿಯನ್ಸ್’ ಅನ್ನುವ ಮಕ್ಕಳ ಸುರಕ್ಷತೆಯ ಕಾರ್ಯಕ್ರಮದ ಕೈಪಿಡಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಅದನ್ನು ಇಟ್ಟುಕೊಂಡು ಬರೆಯಿರಿ. ನಿಯಮ ಎಲ್ಲ ಕೋಚ್‌ಗಳಿಗೂ ಒಂದೇ ಆದರೆ ಯಾರಿಗೂ ಅವಮಾನ ಅಲ್ಲ. ಮಗನ ಈಗಿನ ಕ್ಲಬ್ಬಿನ ಕೋಚ್ ಹುಡುಗ ಬೂಟ್ ಮರೆತದ್ದನ್ನೂ ನನ್ನನ್ನು ಸೇರಿಸಿದ ಗ್ರೂಪಿನಲ್ಲೇ ಹೇಳುತ್ತಾರೆ. ಅವರಿಗೆ ಅದು ಒಂದು ತೊಂದರೆಯೇ ಅಲ್ಲ.

ಮುಂದಿನ ವಾರದ ಟೂರ್ನಮೆಂಟ್‌ಗೆ ಆ ಕೋಚ್ ಮಕ್ಕಳ ಜೊತೆ ಹೋಗಬಾರದು. ಅವರಿಗೆ ಏನು, ಯಾವಾಗ ಹೇಳಬೇಕು ಅಂತ 1098ರವರನ್ನು ಅಥವಾ ಪೊಲೀಸರನ್ನು ಕೇಳಿಯೇ ಹೇಳಿ, ತಾಯಿಯ ಹೆಸರು ಎಲ್ಲೂ ಬರಕೂಡದು. ಬದಲಿ ಕೋಚ್ ಮತ್ತು ಜೊತೆಗೆ ಇಬ್ಬರು ಪೋಷಕರು ಸಿಕ್ಕರೆ ತಂಡ ಹೋಗಲಿ. ಸಿಗದಿದ್ದರೆ ಎಂಟ್ರಿ ವಾಪಸ್ ತೆಗೆದುಕೊಳ್ಳಿ, ಕಟ್ಟಿದ ದುಡ್ಡು ಹೋದರೆ ಹೋಗಲಿ. ಪೋಷಕರು ಬೈಯುತ್ತಾರೆ, ಬೈಸಿಕೊಳ್ಳಿ.