ಶುಭೋದಯದ ಚಿತ್ರಗಳೂ ತುಂಬಿದ ಫೋನೂ

ಪತ್ರ: ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಚಿತ್ರಗಳ ಸುರಿಮಳೆ. ಗುಂಪು ಬಿಟ್ಟರೆ ಹಿರಿಯರಿಗೆ ಬೇಸರ. 64 ಜಿಬಿ ಫೋನು ತುಂಬಿಹೋಗಿದೆ, ಗ್ಯಾಲರಿಯಿಂದ ಅಳಿಸಿದರೂ ಜಾಗ ಆಗುತ್ತಿಲ್ಲ. 'ಎಲ್ಲ ಕ್ಲಿಯರ್ ಮಾಡಿಬಿಡಿ' ಅನ್ನುತ್ತಾನೆ ಮಗ. ತೀರಿಕೊಂಡ ಪತ್ನಿಯ ವಾಯ್ಸ್ ಮೆಸೇಜುಗಳು ಅದರಲ್ಲೇ ಇವೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲು ನಿಮ್ಮ ಪತ್ನಿಯವರ ದನಿ ಉಳಿಸಿಕೊಳ್ಳೋಣ. ಅದು ಭದ್ರವಾಗುವ ತನಕ ಡಿಲೀಟ್ ಅನ್ನುವುದನ್ನು ಮುಟ್ಟಬೇಡಿ, ಯಾರಿಗೂ ಮುಟ್ಟಗೊಡಬೇಡಿ.

ಅವರ ಚಾಟ್ ತೆರೆದು ಒಂದು ವಾಯ್ಸ್ ಮೆಸೇಜಿನ ಮೇಲೆ ಬೆರಳು ಒತ್ತಿಹಿಡಿಯಿರಿ. ಉಳಿದವುಗಳನ್ನೂ ಒಂದೊಂದಾಗಿ ಮುಟ್ಟಿ ಆರಿಸಿಕೊಳ್ಳಬಹುದು. ಮೇಲ್ಗಡೆ ಬಾಣದ ಗುರುತು ಕಾಣುತ್ತದೆ. ಅದು ಫಾರ್ವರ್ಡ್, ವಾಟ್ಸಾಪಿನೊಳಗೇ ಸುತ್ತುತ್ತದೆ. ನಿಮಗೆ ಬೇಕಾದದ್ದು ಶೇರ್. ಅದರಿಂದ ನಿಮ್ಮದೇ ಜಿಮೇಲಿಗೋ ಗೂಗಲ್ ಡ್ರೈವಿಗೋ ಕಳಿಸಿ. ಕಡತದ ಹೆಸರು 'ಪಿಟಿಟಿ' ಎಂದು ಶುರುವಾಗಿ, ಮುಂದೆ ವರ್ಷ, ತಿಂಗಳು, ದಿನ ಸಾಲಾಗಿ ಬರುತ್ತವೆ, ಕೊನೆಗೆ 'ಓಪಸ್' ಎಂದಿರುತ್ತದೆ. ಯಾವ ದಿನದ ಮಾತು ಎಂಬುದು ಆ ಹೆಸರಿನಲ್ಲೇ ಇದೆ, ಹಾಗಾಗಿ ಅದನ್ನು ಬದಲಿಸಬೇಡಿ. ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ಒಂದೊಂದನ್ನೂ ಕೇಳಿ ನೋಡಿ. ಕೇಳಿಸಿದ ಮೇಲಷ್ಟೇ ಮುಂದಿನ ಕೆಲಸ.

ಗ್ಯಾಲರಿಯಿಂದ ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಕಸದಬುಟ್ಟಿಯಲ್ಲಿ ಕೂತಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು (ಅಂದರೆ ಗೂಗಲ್ ಖಾತೆಗೆ ಪ್ರತಿ ಹೋಗಿರುವುದು) 60 ದಿನ, ಆಗದಿದ್ದದ್ದು 30 ದಿನ. ನಿಮಗೆ ಜಾಗ ಸಿಗದಿರುವುದಕ್ಕೆ ಇದೊಂದು ಕಾರಣ. ಒಂದು ಎಚ್ಚರಿಕೆ: ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ಅಳಿಸಿದರೆ ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯಲು 'ಫ್ರೀ ಅಪ್ ಸ್ಪೇಸ್' ಬೇರೆಯೇ ಇದೆ.

ಇನ್ನು ಗುಂಪಿನ ಚಿತ್ರಗಳು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ತೆರೆಯಿರಿ. ಹಲವು ಸಲ ಫಾರ್ವರ್ಡ್ ಆದವು ಒಂದು ಕಡೆ, 5 ಎಂಬಿಗಿಂತ ದೊಡ್ಡವು ಇನ್ನೊಂದು ಕಡೆ, ಕೆಳಗೆ ಯಾವ ಚಾಟ್ ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ. ದೊಡ್ಡ ವೀಡಿಯೋಗಳಿಂದ ಶುರುಮಾಡಿ. ನೂರು ಕೆಬಿಯ ನೂರು ಹೂಗುಚ್ಛ ಅಳಿಸಿದರೂ ಸಿಗುವುದು 10 ಎಂಬಿ, ಎರಡು ವೀಡಿಯೋ ಅಳಿಸಿದರೆ ಅಷ್ಟೇ ಸಿಕ್ಕೀತು. ಒಂದೇ ಚಿತ್ರ ಮೂರು ಗುಂಪಿಗೆ ಬಂದಿದ್ದರೆ, ಪ್ರತಿಗಳನ್ನೂ ಅಳಿಸಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಮೊಮ್ಮಕ್ಕಳ ಫೋಟೋ ಇದ್ದರೆ ಮಾತ್ರ ಕಣ್ಣಿಟ್ಟು ನೋಡಿ. ಗೂಗಲ್ ಫೋಟೋಸ್ ತಾನಾಗಿ ಬ್ಯಾಕಪ್ ಮಾಡುವುದು ಕ್ಯಾಮೆರಾದ ಚಿತ್ರಗಳನ್ನು, ವಾಟ್ಸಾಪಿನ ಫೋಲ್ಡರನ್ನು ನೀವೇ ಸೇರಿಸಬೇಕು.

ಮತ್ತೆ ತುಂಬದಂತೆ ಅದೇ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಆಟೋ ಡೌನ್‌ಲೋಡಿನ ಗುರುತುಗಳನ್ನು ತೆಗೆಯಿರಿ, ಮೊಬೈಲ್ ಡೇಟಾಕ್ಕೂ ವೈಫೈಗೂ. ಆಮೇಲೆ ಚಿತ್ರಗಳು ಮಸುಕಾಗಿ ಬರುತ್ತವೆ, ನೀವು ಮುಟ್ಟಿದ್ದಷ್ಟೇ ಇಳಿಯುತ್ತದೆ. ವಾಯ್ಸ್ ಮೆಸೇಜುಗಳು ಮಾತ್ರ ತಾವಾಗಿಯೇ ಇಳಿಯುತ್ತವೆ. ಇಲ್ಲಿ ಬಹಳ ಜನ ಎಡವುತ್ತಾರೆ: 'ಮೀಡಿಯಾ ವಿಸಿಬಿಲಿಟಿ' ಆಫ್ ಮಾಡಿ, ಆಯಿತು ಅಂದುಕೊಳ್ಳುತ್ತಾರೆ. ಅದರಿಂದ ಚಿತ್ರ ಗ್ಯಾಲರಿಯಲ್ಲಿ ಕಾಣುವುದಿಲ್ಲ ಅಷ್ಟೇ, ಫೋನಿನಲ್ಲಿ ಹಾಗೇ ಇರುತ್ತದೆ.

ಚಾಟ್ ಬ್ಯಾಕಪ್ಪಿನಲ್ಲಿ ವೀಡಿಯೋ ಸೇರಿಸುವ ಆಯ್ಕೆಯನ್ನೂ ಆಫ್ ಮಾಡಿ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪನ್ನು ಗೂಗಲ್ ತಾನು ಪುಕ್ಕಟೆ ಕೊಡುವ 15 ಜಿಬಿ ಜಾಗದ ಲೆಕ್ಕಕ್ಕೇ ಹಿಡಿಯುತ್ತಿದೆ, ಜಿಮೇಲೂ ಅದೇ ಜಾಗದಲ್ಲಿದೆ. ಅದು ತುಂಬಿದರೆ ಜಿಮೇಲಿಗೆ ಪತ್ರ ಬರುವುದೇ ನಿಲ್ಲುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟು ತಪ್ಪಿಸಿಕೊಳ್ಳಬಾರದಲ್ಲ.

ಗುಂಪು ಬಿಡುವ ಅಗತ್ಯ ಇಲ್ಲ. 'ಆಲ್ವೇಸ್' ಎಂದು ಮ್ಯೂಟ್ ಮಾಡಿ, ಆರ್ಕೈವಿಗೆ ಹಾಕಿ, ಯಾರಿಗೂ ತಿಳಿಯುವುದಿಲ್ಲ. ಮೆಸೇಜುಗಳು ತಾವಾಗಿ ಮಾಯವಾಗುವ 'ಡಿಸಪಿಯರಿಂಗ್ ಮೆಸೇಜಸ್' ಎಂಬ ಸೌಲಭ್ಯವನ್ನು ಬೇಕಾದರೆ ಗುಂಪಿನವರು ಸೇರಿ 7 ದಿನಕ್ಕೆ ಇಟ್ಟುಕೊಳ್ಳಬಹುದು. ಆದರೆ ಅದು ಆ ಗುಂಪಿಗೆ ಮಾತ್ರ ಇರಲಿ. ಮಕ್ಕಳು ಕಳಿಸುವ ದನಿಯೂ ಮುಂದೊಂದು ದಿನ ನಿಮಗೆ ಬೇಕಾಗುತ್ತದೆ.